ಹಗುರವಾದ ಹೊಸ ಸ್ಪೋರ್ಟ್ಸ್ ಕಾರನ್ನು ಟ್ರ್ಯಾಕ್‌ನಲ್ಲಿ ಪರೀಕ್ಷಿಸುವುದು ಹೇಗೆ? ಅದರಿಂದ ಏನು ನಿರೀಕ್ಷಿಸಬಹುದು?

ಒಂದು ಟನ್ ಆಸುಪಾಸಿನ, 180 ಎಚ್‌ಪಿಯ, ಸೀಟಿನ ಹಿಂದೆ ಎಂಜಿನ್ ಇರುವ ಎರಡು ಸೀಟಿನ ಕಾರು ಬುಕ್ ಮಾಡಿದ್ದೀರಿ. ಕೈಗೆ ಬಂದಮೇಲೆ ಟ್ರ್ಯಾಕ್‌ಗೆ ಒಯ್ದರೆ ಏನನ್ನು ನೋಡಬೇಕು, ಎಷ್ಟರಮಟ್ಟಿಗೆ ಆಸೆ ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ. ನೇರವಾಗಿ ಹೇಳುವುದಾದರೆ, ಒಂದೇ ಒಂದು ವೇಗದ ಲ್ಯಾಪ್ ಎಷ್ಟು ಸೆಕೆಂಡಿಗೆ ಮುಗಿಯಿತು ಎಂಬುದರಿಂದ ಹಗುರ ಕಾರಿನ ಯೋಗ್ಯತೆ ಗೊತ್ತಾಗುವುದಿಲ್ಲ. ಎಂಟನೇ ಲ್ಯಾಪ್‌ನಲ್ಲೂ ಬ್ರೇಕ್ ಪೆಡಲ್ ಎರಡನೇ ಲ್ಯಾಪ್‌ನಷ್ಟೇ ಗಟ್ಟಿಯಾಗಿದೆಯೇ, ಟೈರಿನ ಹಿಡಿತ ಹಾಗೇ ಇದೆಯೇ, ತಿರುವಿನ ನಡುವೆ ಕಾರು ನಿಮ್ಮ ಮಾತು ಕೇಳುತ್ತಿದೆಯೇ ಎಂದು ನೋಡಬೇಕು. ತೂಕ ಇಳಿಸಿದ್ದರ ಫಲ ಕಾಣುವುದು ಅಲ್ಲಿ.

ತೂಕದಿಂದಲೇ ಶುರು ಮಾಡೋಣ. ಕಂಪನಿ ಹೇಳುವ ತೂಕ ಯಾವ ಲೆಕ್ಕದ್ದು ಎಂದು ಮೊದಲು ವಿಚಾರಿಸಿ. ‘ಡ್ರೈ ವೇಟ್’ ಎಂದರೆ ಪೆಟ್ರೋಲು, ಆಯಿಲ್, ಕೂಲಂಟ್ ಯಾವುದೂ ಇಲ್ಲದ ತೂಕ. ಯುರೋಪಿನ ನೋಂದಣಿ ಲೆಕ್ಕದಲ್ಲಿ ಟ್ಯಾಂಕ್ ಶೇ. 90 ತುಂಬಿರುತ್ತದೆ, 75 ಕೆ.ಜಿ.ಯ ಚಾಲಕನೂ ಸೇರಿರುತ್ತಾನೆ. 40 ಲೀಟರ್ ಪೆಟ್ರೋಲೇ ಸುಮಾರು 30 ಕೆ.ಜಿ., ಆಯಿಲ್ ಮತ್ತು ಕೂಲಂಟ್ ಸೇರಿ ಇನ್ನೊಂದು 15 ಕೆ.ಜಿ., ಅದರ ಮೇಲೆ ಚಾಲಕ. ಹಾಗಾಗಿ ಒಂದೇ ಕಾರಿಗೆ ಒಂದು ಕಡೆ 930, ಇನ್ನೊಂದು ಕಡೆ 1,050 ಎಂದು ಅಚ್ಚಾಗಿದ್ದರೆ ಎರಡೂ ಸರಿಯೇ ಇರಬಹುದು. 1996ರ ಲೋಟಸ್ ಎಲಿಸ್ ಸುಮಾರು 725 ಕೆ.ಜಿ. ತೂಗುತ್ತಿತ್ತು, ಅಂಟಿನಿಂದ ಕೂಡಿಸಿದ ಅದರ ಅಲ್ಯೂಮಿನಿಯಂ ಚಾಸಿ ಬರೀ 68 ಕೆ.ಜಿ. 2017ರಲ್ಲಿ ಬಂದ ಆಲ್ಪೀನ್ ಎ110 ಅಲ್ಯೂಮಿನಿಯಂ ಮೈಯಿದ್ದೂ ಸುಮಾರು 1,100 ಕೆ.ಜಿ. ಇದೆ. ಏರ್‌ಬ್ಯಾಗ್, ಡಿಕ್ಕಿ ತಡೆಯುವ ರಚನೆ, ಹೊಗೆ ನಿಯಮದ ಸಲಕರಣೆ ಎಲ್ಲ ಸೇರಿದ ಈಗಿನ ಕಾರು ಒಂದು ಟನ್‌ಗೆ ನಿಂತಿದೆ ಎಂದರೆ ಎಂಜಿನಿಯರುಗಳು ಗ್ರಾಂ ಗ್ರಾಂ ಲೆಕ್ಕ ಹಾಕಿ ಕೆಲಸ ಮಾಡಿದ್ದಾರೆ ಎಂದರ್ಥ. ಹಳೆಯ ಎಲಿಸ್‌ನ ಅಂಕಿಯನ್ನು ಇದರ ಪಕ್ಕ ಇಟ್ಟು ಕೊರಗಬೇಡಿ.

ಇನ್ನು ನೇರ ರಸ್ತೆಯ ವೇಗ. ಹೆಚ್ಚಿನವರ ನಿರೀಕ್ಷೆ ಕೈಕೊಡುವುದು ಇಲ್ಲೇ. ಟನ್‌ಗೆ 180 ಎಚ್‌ಪಿ ಎಂದರೆ 1,500 ಕೆ.ಜಿ.ಯ 270 ಎಚ್‌ಪಿ ಕಾರಿಗೆ ಸಮ ಎಂದು ಅಂದುಕೊಳ್ಳುತ್ತೇವೆ. 100 ಕಿ.ಮೀ. ವೇಗದವರೆಗೆ ಅದು ಹೆಚ್ಚುಕಡಿಮೆ ನಿಜ. ಆಮೇಲೆ ಗಾಳಿಯ ತಡೆ ಆಟಕ್ಕೆ ಬರುತ್ತದೆ, ಅದಕ್ಕೆ ಕಾರಿನ ತೂಕ ಎಷ್ಟಾದರೂ ಒಂದೇ. ಈ ಗಾತ್ರದ ಕಾರು ಗಂಟೆಗೆ 200 ಕಿ.ಮೀ.ನಲ್ಲಿ ಗಾಳಿಯನ್ನು ಸೀಳಲು ಸುಮಾರು 67 ಕಿಲೋವ್ಯಾಟ್, ಅಂದರೆ 90 ಎಚ್‌ಪಿ ಸುರಿಯಬೇಕು. ನಿಮ್ಮ ಕಾರಿನಲ್ಲಿ ವೇಗ ಹೆಚ್ಚಿಸಲು ಉಳಿಯುವುದು ಟನ್‌ಗೆ 90. ಆ ಭಾರದ ಕಾರಿನಲ್ಲಿ 180 ಉಳಿದು, ಟನ್‌ಗೆ 120 ಬೀಳುತ್ತದೆ. ಉದ್ದನೆಯ ನೇರದಲ್ಲಿ ಅದು ನಿಮ್ಮನ್ನು ದಾಟಿ ಹೋದರೆ ನಿಮ್ಮ ಎಂಜಿನ್‌ನಲ್ಲಿ ದೋಷವಿದೆ ಎಂದಲ್ಲ. ಮುಂದಿನ ಬ್ರೇಕಿಂಗ್ ಜಾಗದಲ್ಲಿ, ಅದರಾಚೆಯ ತಿರುವಿನಲ್ಲಿ ನೀವು ಮತ್ತೆ ಅದರ ಬೆನ್ನಿಗೆ ಬರುತ್ತೀರಿ. 0–100ರ ಅಂಕಿ ಹೋಲಿಸುವಾಗಲೂ ಎಚ್ಚರ ಬೇಕು: ಅಮೆರಿಕದ ಪತ್ರಿಕೆಗಳು ಸಾಮಾನ್ಯವಾಗಿ ಮೊದಲ ಒಂದು ಅಡಿ ಉರುಳಿದ ಮೇಲಷ್ಟೇ ಗಡಿಯಾರ ಓಡಿಸುತ್ತವೆ, ಅದರಿಂದಲೇ 0.2–0.3 ಸೆಕೆಂಡ್ ಕಡಿಮೆ ತೋರುತ್ತದೆ.

ಟ್ರ್ಯಾಕ್‌ಗೆ ಹೋಗುವ ಮುನ್ನ ಕೈಪಿಡಿಯಲ್ಲಿ ಹೇಳಿರುವ ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗುವವರೆಗಿನ ಹದವಾದ ಓಟ) ಮುಗಿಸಿ, ಎಂಜಿನ್ ಆಯಿಲ್ ಬದಲಿಸಿ. ಆಯಿಲ್ ಮಟ್ಟ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿರಲಿ, ದಾಟುವುದು ಬೇಡ. ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪ್‌ನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಒಂದು ಬದಿಗೆ ಏರಿ ಪಂಪ್‌ನ ಬಾಯಿ ಒಣಗಿದರೆ, ಬೇರಿಂಗ್ ಹಾಳಾಗಲು ಕೆಲವೇ ಸೆಕೆಂಡ್ ಸಾಕು. ಪೆಟ್ರೋಲು ಕಾಲು ಟ್ಯಾಂಕ್‌ಗಿಂತ ಕೆಳಗಿಳಿಯದಿರಲಿ; ತಿರುವಿನಿಂದ ಹೊರಬರುವಾಗ ಎಂಜಿನ್ ಕ್ಷಣಕಾಲ ಮುಗ್ಗರಿಸಿದರೆ ಮೊದಲ ಅನುಮಾನ ಅದರ ಮೇಲೇ ಇರಲಿ. ಎಳೆಯುವ ಕೊಕ್ಕೆ ಹಾಕಿಡಿ, ಸಡಿಲ ಸಾಮಾನು ಎಲ್ಲ ಹೊರಗೆ ಇಡಿ. ಶಬ್ದದ ಮಿತಿಯನ್ನು ಮೊದಲೇ ವಿಚಾರಿಸಿ. ಸಾಮಾನ್ಯವಾಗಿ ಎಕ್ಸಾಸ್ಟ್ ತುದಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಹಿಡಿದು, ಗರಿಷ್ಠ ಆರ್‌ಪಿಎಂನ ಮುಕ್ಕಾಲು ಭಾಗದಲ್ಲಿ ಅಳೆಯುತ್ತಾರೆ. ಕಂಪನಿಯೇ ಕೊಟ್ಟ ಸ್ಪೋರ್ಟ್ಸ್ ಎಕ್ಸಾಸ್ಟ್ ಇದ್ದರೂ ಕೆಲವು ಕಡೆ ಒಳಗೆ ಬಿಡುವುದಿಲ್ಲ. ವಾರಂಟಿ ಮತ್ತು ವಿಮೆಯ ಕರಾರಿನಲ್ಲಿ ಟ್ರ್ಯಾಕ್ ಬಳಕೆಯ ಬಗ್ಗೆ ಏನಿದೆ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡಬೇಡಿ, ಬರಹದಲ್ಲಿ ಪಡೆಯಿರಿ. ರಸ್ತೆಯ ವಿಮೆ ಬಹುಪಾಲು ಟ್ರ್ಯಾಕ್‌ಗೆ ಅನ್ವಯಿಸುವುದಿಲ್ಲ.

ಬ್ರೇಕ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ‘ಹಗುರ ಕಾರು ತಾನೇ, ಬ್ರೇಕ್‌ಗೆ ಏನೂ ಆಗುವುದಿಲ್ಲ’ ಎಂಬ ಮಾತು ಅರ್ಧ ಸತ್ಯ. 1,000 ಕೆ.ಜಿ.ಯನ್ನು 160ರಿಂದ 80 ಕಿ.ಮೀ.ಗೆ ಇಳಿಸಿದರೆ ಸುಮಾರು 740 ಕಿಲೋಜೂಲ್ ಶಾಖ ಹುಟ್ಟುತ್ತದೆ, 1,500 ಕೆ.ಜಿ.ಯಾದರೆ 1,110. ಆದರೆ ಹಗುರ ಕಾರಿಗೆ ಡಿಸ್ಕ್‌ಗಳೂ ಹಗುರವೇ. ಮುಂದಿನ ಚಕ್ರಗಳು ಮೂರರಲ್ಲಿ ಎರಡು ಪಾಲು ಕೆಲಸ ಮಾಡುತ್ತವೆ, ಒಂದೊಂದು ಡಿಸ್ಕ್ 6 ಕೆ.ಜಿ. ಇದೆ ಎಂದಿಟ್ಟುಕೊಂಡರೂ ಒಂದೇ ಬ್ರೇಕಿಂಗ್‌ಗೆ ಡಿಸ್ಕ್ ಸುಮಾರು 90 ಡಿಗ್ರಿ ಏರುತ್ತದೆ. ತಣಿಯಲು ನೇರ ರಸ್ತೆ ಸಿಗುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಹೊಸ ಕಾರಿನ ಬ್ರೇಕ್ ಆಯಿಲ್ ಬಹುಪಾಲು ಡಾಟ್ 4 ಎಂಬ ದರ್ಜೆಯದು. ಅದರ ಕನಿಷ್ಠ ಕುದಿಬಿಂದು ಹೊಸದಾಗಿದ್ದಾಗ 230 ಡಿಗ್ರಿ, ತೇವ ಹೀರಿಕೊಂಡ ಮೇಲೆ 155. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ರೇಸಿಂಗ್ ಆಯಿಲ್‌ಗಳು 300 ದಾಟುತ್ತವೆ, ಆದರೆ ಅವನ್ನು ಬೇಗಬೇಗ ಬದಲಿಸುತ್ತಿರಬೇಕು. ಹೆಸರು ನೋಡಿ ಮೋಸಹೋಗಿ ಡಾಟ್ 5 ತರಬೇಡಿ. ಅದು ಸಿಲಿಕೋನಿನದು, ಉಳಿದವುಗಳ ಜೊತೆ ಬೆರೆಯುವುದಿಲ್ಲ. ಟ್ರ್ಯಾಕ್ ದಿನಕ್ಕೆ ಮೊದಲು ಆಯಿಲ್ ಬದಲಿಸುವುದಕ್ಕೆ ಮಾಡುವ ಖರ್ಚಿನಷ್ಟು ಲಾಭ ಕೊಡುವ ಖರ್ಚು ಇನ್ನೊಂದಿಲ್ಲ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಅದನ್ನೂ ಬದಲಿಸಿ: ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಶಾಖ ಪಿಸ್ಟನ್ ದಾಟಿ ಆಯಿಲ್‌ಗೆ ಬೇಗ ತಲುಪುತ್ತದೆ. ಹೊಸ ಪ್ಯಾಡ್ ಹಾಕಿದರೆ 100ರಿಂದ 30 ಕಿ.ಮೀ.ಗೆ ಎಂಟು ಹತ್ತು ಸಲ ಚೆನ್ನಾಗಿ ಬ್ರೇಕ್ ಹಿಡಿಯಿರಿ, ಒಮ್ಮೆಯೂ ಪೂರ್ತಿ ನಿಲ್ಲಿಸಬೇಡಿ, ಆಮೇಲೆ ಐದಾರು ಕಿ.ಮೀ. ಬ್ರೇಕ್ ಮುಟ್ಟದೆ ತಣಿಸಿ.

ಪೆಡಲ್ ಏನು ಹೇಳುತ್ತಿದೆ ಎಂದು ಕಾಲಿಗೆ ಗೊತ್ತಾಗಬೇಕು. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತಾ ಹೋದರೆ ಆಯಿಲ್ ಕುದಿಯುತ್ತಿದೆ. ಕೂಡಲೇ ವೇಗ ಇಳಿಸಿ ಒಳಗೆ ಬನ್ನಿ, ತಣಿದ ಮೇಲೆ ಸರಿ ಅನ್ನಿಸಿದರೂ ಬ್ಲೀಡ್ ಮಾಡದೆ (ಬ್ರೇಕ್ ಪೈಪಿನೊಳಗಿನ ಗುಳ್ಳೆ ಹೊರತೆಗೆಸದೆ) ಮತ್ತೆ ಹೊರಡಬೇಡಿ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್‌ಗೆ ಶಾಖ ಮಿತಿ ಮೀರಿದೆ. ಮೂರನೆಯದೊಂದು ಇದೆ, ಇದನ್ನು ಆಯಿಲ್ ಕುದಿಯುವುದಕ್ಕೆ ಹೋಲಿಸಿ ಗಾಬರಿಯಾಗುವವರೇ ಹೆಚ್ಚು: ಟ್ರ್ಯಾಕ್ ಅಂಚಿನ ಉಬ್ಬು ಪಟ್ಟಿ, ಅಂದರೆ ಕರ್ಬ್ ಮೇಲೆ ಹತ್ತಿಳಿದ ನಂತರ ಮೊದಲ ಸಲ ಪೆಡಲ್ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಒತ್ತಿದರೆ ಸರಿಯಾಗಿ ಸಿಗುತ್ತದೆ. ಅಲುಗಿದ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿರುತ್ತದೆ ಅಷ್ಟೇ. ನೇರದಲ್ಲಿ ಎಡಗಾಲಿನಿಂದ ಪೆಡಲನ್ನು ಒಮ್ಮೆ ಹಗುರವಾಗಿ ಮುಟ್ಟಿದರೆ ಸಾಕು. ಇದು ಪದೇ ಪದೇ ಆದರೆ ವೀಲ್ ಬೇರಿಂಗ್ ನೋಡಿಸಿ.

ಟೈರಿನ ಗಾಳಿಯ ಲೆಕ್ಕವೂ ಹಗುರ ಕಾರಿನಲ್ಲಿ ಸೂಕ್ಷ್ಮ. 25 ಡಿಗ್ರಿಯಲ್ಲಿ 26 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ 70 ಡಿಗ್ರಿಗೆ ಕಾದರೆ 32 ಪಿಎಸ್‌ಐ ಆಗುತ್ತದೆ. ಒಂದೆರಡು ಪಿಎಸ್‌ಐ ವ್ಯತ್ಯಾಸವೇ ಕಾರಿನ ನಡತೆ ಬದಲಿಸುತ್ತದೆ, ಏಕೆಂದರೆ ಟೈರನ್ನು ನೆಲಕ್ಕೆ ಒತ್ತಿ ಹಿಡಿಯುವ ಭಾರ ಇಲ್ಲಿ ಕಡಿಮೆ. ಕೈಪಿಡಿಯ ತಣ್ಣನೆಯ ಅಂಕಿಯಿಂದ ಶುರು ಮಾಡಿ. ನಾಲ್ಕೈದು ಲ್ಯಾಪ್ ಆದಮೇಲೆ ತಣಿಸುವ ಲ್ಯಾಪ್ ಸುತ್ತದೆ ನೇರವಾಗಿ ಒಳಗೆ ಬಂದು, ಒಂದು ನಿಮಿಷದೊಳಗೆ ನಾಲ್ಕೂ ಟೈರು ಅಳೆದು ಬರೆದಿಡಿ. ಅಂಚಿನಲ್ಲಿ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದಿದ್ದರೆ ಟೈರು ಎಷ್ಟು ಹೊರಳಿದೆ ಎಂದು ಕಣ್ಣಿಗೇ ಕಾಣುತ್ತದೆ: ಗೆರೆ ಪಕ್ಕದ ಗೋಡೆಯವರೆಗೆ ಅಳಿಸಿದ್ದರೆ ಗಾಳಿ ಕಡಿಮೆ, ಇಲ್ಲವೇ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ) ಸಾಲದು. ಗೆರೆ ಟ್ರೆಡ್‌ನ ಅಂಚಿನಲ್ಲೂ ಹಾಗೇ ಉಳಿದಿದ್ದರೆ ಗಾಳಿ ಹೆಚ್ಚು. ಬಿಸಿಯಲ್ಲಿ ಗಾಳಿ ಬಿಟ್ಟಿದ್ದರೆ, ತಣಿದ ಮೇಲೆ ಟೈರು ತೀರಾ ಮೆತ್ತಗಾಗಿರುತ್ತದೆ. ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸುವುದನ್ನು ಮರೆಯಬೇಡಿ.

50 ಮೀಟರ್ ತ್ರಿಜ್ಯದ ತಿರುವನ್ನು 80 ಕಿ.ಮೀ. ವೇಗದಲ್ಲಿ ದಾಟಿದರೆ ಪಕ್ಕದ ಎಳೆತ ಸುಮಾರು 1 ಜಿ, ಅಂದರೆ ಕಾರಿನ ತೂಕದಷ್ಟೇ. ಒಳ್ಳೆಯ ರಸ್ತೆ ಟೈರು ಅಷ್ಟು ಕೊಡುತ್ತದೆ. ಈ ಲೆಕ್ಕದ ಸೂತ್ರದಲ್ಲಿ ತೂಕವೇ ಇಲ್ಲ, ಹಾಗಾದರೆ ಹಗುರವಾಗಿ ಏನು ಬಂತು ಎಂದು ಕೇಳಬಹುದು. ಟೈರಿನ ಮೇಲೆ ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಹಾಗಾಗಿ ಅದೇ ಟೈರಿನಿಂದ ಹಗುರ ಕಾರು ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚು ಹಿಡಿತ ಪಡೆಯುತ್ತದೆ, ಆ ಹಿಡಿತವನ್ನು ಹೆಚ್ಚು ಲ್ಯಾಪ್ ಉಳಿಸಿಕೊಳ್ಳುತ್ತದೆ.

ಕಂಪನಿಯ ಸೆಟ್ಟಿಂಗ್‌ನಲ್ಲಿ ತಿರುವಿಗೆ ಹೊಕ್ಕಾಗ ಮೂತಿ ಹೊರಕ್ಕೆ ಸರಿಯುವುದು ಸಹಜ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಕಾರಣ, ಎಂಜಿನ್ ನಡುವೆ ಇರುವ ಕಾರಿನಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಭಾರ ಮುಂದಕ್ಕೆ ಜಾರಿ, ಹಿಂಭಾಗ ಹಗುರಾಗಿ ಹೊರಗೆ ಬೀಸುತ್ತದೆ. ತೂಕವೆಲ್ಲ ನಡುವೆ ಇರುವುದರಿಂದ ಅದು ತಿರುಗಲು ಶುರುವಾದರೆ ತುಂಬ ವೇಗವಾಗಿ ತಿರುಗುತ್ತದೆ. ಜೋರು ಬ್ರೇಕ್ ನೇರದಲ್ಲೇ ಮುಗಿಸಿ, ಉಳಿದದ್ದನ್ನು ನಿಧಾನವಾಗಿ ಬಿಡುತ್ತಾ ತಿರುಗಿಸಿ, ಮಧ್ಯದಲ್ಲಿ ಆಕ್ಸಿಲರೇಟರನ್ನು ಸ್ಥಿರವಾಗಿ ಹಿಡಿಯಿರಿ. ಮೂತಿ ಸರಿಯುತ್ತಿದೆ ಎಂದು ಮೊದಲ ದಿನವೇ ಅಲೈನ್‌ಮೆಂಟ್ ಬದಲಿಸಲು ಹೋಗಬೇಡಿ. ಬಹಳ ಸಲ ಅದಕ್ಕೆ ಕಾರಣ ತಿರುವಿಗೆ ಅತಿವೇಗದಲ್ಲಿ ಹೊಕ್ಕಿದ್ದೇ. ಬದಲಿಸಲೇಬೇಕೆಂದರೆ, ಹೊಂದಿಸಲು ಅವಕಾಶವಿದ್ದಷ್ಟು ಮುಂದಿನ ಕ್ಯಾಂಬರನ್ನು ಅರ್ಧ ಡಿಗ್ರಿಯಷ್ಟು ಹೆಚ್ಚಿಸಿ ನೋಡಿ, ಹಿಂದಿನ ಟೋ-ಇನ್ (ಚಕ್ರಗಳ ಮುಂಭಾಗ ಸ್ವಲ್ಪ ಒಳಕ್ಕೆ ತಿರುಗಿರುವುದು) ಮಾತ್ರ ಮುಟ್ಟಬೇಡಿ. ಹಿಂಭಾಗವನ್ನು ಹದ್ದುಬಸ್ತಿನಲ್ಲಿ ಇಡುವುದು ಅದೇ. ಇಂಥ ಕಾರಿನಲ್ಲಿ ಪಕ್ಕದ ಸೀಟಿಗೆ 75 ಕೆ.ಜಿ.ಯ ಒಬ್ಬರು ಕೂತರೆ ಶೇ. 7ರಷ್ಟು ತೂಕ ಏರುತ್ತದೆ, ಆದ್ದರಿಂದ ಅಲೈನ್‌ಮೆಂಟ್ ಮಾಡಿಸುವಾಗ ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ಭಾರ ಇರಿಸಲು ಹೇಳಿ.

ಅಳೆಯಲು 10 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಹತ್ತು ಸಲ ಸ್ಥಾನ ದಾಖಲಿಸುವ ಜಿಪಿಎಸ್ ಲಾಗರ್ ಸಾಕು. ಮೊದಲ ಸೆಷನ್ ಪೂರ್ತಿ ಕಂಪನಿ ಕೊಟ್ಟ ಸ್ಥಿತಿಯಲ್ಲೇ ಓಡಿಸಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, ಕೊನೆಗೆ ಮತ್ತೆ ಮೊದಲಿನ ಸ್ಥಿತಿಗೆ ತಂದು ಇನ್ನೊಮ್ಮೆ. ದಿನ ಕಳೆದಂತೆ ನೀವೂ ಕಲಿಯುತ್ತೀರಿ, ಟ್ರ್ಯಾಕೂ ಬಿಸಿಯಾಗುತ್ತದೆ. ಹಿಂದಕ್ಕೆ ಬಂದು ನೋಡದಿದ್ದರೆ ಸುಧಾರಿಸಿದ್ದು ಕಾರೋ ನೀವೋ ತಿಳಿಯುವುದಿಲ್ಲ. ಟರ್ಬೊ ಎಂಜಿನ್ ಆದರೆ ನೇರದ ಕೊನೆಯ ವೇಗವನ್ನು ಲ್ಯಾಪ್‌ನಿಂದ ಲ್ಯಾಪ್‌ಗೆ ಹೋಲಿಸಿ. ತಿರುವಿನಿಂದ ಹೊರಬಂದ ವೇಗ ಒಂದೇ ಇದ್ದೂ ನೇರದ ಕೊನೆಯ ವೇಗ ಇಳಿಯುತ್ತಿದ್ದರೆ, ಒಳಗೆ ಎಳೆದುಕೊಳ್ಳುವ ಗಾಳಿ ಬಿಸಿಯಾಗಿ ಎಂಜಿನ್ ತಾನೇ ಶಕ್ತಿ ತಗ್ಗಿಸುತ್ತಿದೆ. ಆಗ ಬೇಕಾದದ್ದು ಗಾಳಿ ಹರಿಯುವ ದಾರಿ, ಹೆಚ್ಚಿನ ಬೂಸ್ಟ್ (ಟರ್ಬೊ ಒತ್ತಡ) ಅಲ್ಲ.

ರಸ್ತೆಯ ಮೇಲಿನ ನಿರೀಕ್ಷೆಯೂ ಸ್ಪಷ್ಟವಿರಲಿ. ಶಬ್ದ ತಡೆಯುವ ಹಾಸು ಕಡಿಮೆ ಇರುವುದರಿಂದ ಚಕ್ರ ಎಸೆದ ಪ್ರತಿ ಕಲ್ಲೂ ಕೇಳಿಸುತ್ತದೆ. ತಣ್ಣಗಿದ್ದಾಗ ಬ್ರೇಕ್ ಕಿರ್‌ಗುಟ್ಟಬಹುದು. ಇವನ್ನು ದೂರಾಗಿ ಬರೆಸಬೇಕಿಲ್ಲ. ಆದರೆ ಮಳೆಯಲ್ಲಿ ನೀರು ಒಳಗಿಳಿಯುವುದು, ಸ್ಟೀರಿಂಗ್ ನೇರ ಇದ್ದಾಗಲೂ ಕಾರು ಒಂದು ಬದಿಗೆ ಎಳೆಯುವುದು, ಗೇರ್ ಎರಡರಿಂದ ಮೂರಕ್ಕೆ ಹೋಗುವಾಗ ಕರಕರ ಎನ್ನುವುದು ದೋಷಗಳೇ. ಟ್ರ್ಯಾಕ್‌ಗೆ ಹೋಗುವ ಮೊದಲೇ ಬರೆಸಿ ಸರಿಮಾಡಿಸಿಕೊಳ್ಳಿ, ಇಲ್ಲದಿದ್ದರೆ ತಪ್ಪು ಟ್ರ್ಯಾಕ್‌ನದೆಂದು ವಾದ ಬರುತ್ತದೆ. ಅಲ್ಯೂಮಿನಿಯಂ ಚಾಸಿಯ ಕಾರನ್ನು ಕೈಪಿಡಿ ತೋರಿಸಿದ ಜಾಗದಲ್ಲಷ್ಟೇ ಜಾಕ್ ಕೊಟ್ಟು ಎತ್ತಬೇಕು. ತೆಳು ತಟ್ಟೆ ಒಮ್ಮೆ ನೆಗ್ಗಿದರೆ ಬಡಿದು ಸರಿಮಾಡಲಾಗುವುದಿಲ್ಲ.

ಪ್ರತಿ ಸೆಷನ್ 15 ನಿಮಿಷ ಮೀರದಿರಲಿ, ಟೈರಿನ ಗಾಳಿ ಅಳೆಯಲು ಬರುವಾಗ ಬಿಟ್ಟು, ಕೊನೆಯ ಲ್ಯಾಪ್ ಬ್ರೇಕ್ ಹಿಡಿಯದೆ ನಿಧಾನವಾಗಿ ಸುತ್ತಿ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಅಂಟಿ ಅಲ್ಲೇ ಗುರುತು ಮೂಡುತ್ತದೆ, ಆಮೇಲೆ ಪೆಡಲ್ ನಡುಗುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ. ಚಕ್ರಗಳು ಪೂರ್ತಿ ತಣಿದ ಮೇಲೆ ಟಾರ್ಕ್ ರೆಂಚ್‌ನಿಂದ ಪ್ರತಿ ನಟ್ಟನ್ನೂ ಕೈಪಿಡಿಯ ಅಂಕಿಗೆ ಪರೀಕ್ಷಿಸಿ, ಆಯಿಲ್ ಮಟ್ಟ ನೋಡಿ, ಟೈರಿನ ಒಳ ಅಂಚಿನಲ್ಲಿ ದಾರ ಕಾಣುತ್ತಿದೆಯೇ ಎಂದು ಕೈಯಾಡಿಸಿ ನೋಡಿ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಟೈರು ಒಳ ಅಂಚಿನಲ್ಲಿ ಮುಗಿದುಹೋಗಿರುವುದುಂಟು.