ಮೋಡ ಕಂಡರೂ ಯಾಕೆ ನುಗ್ಗುತ್ತಾರೆ?

ಪ್ರಶ್ನೆ: ಹೆಲಿಕಾಪ್ಟರ್ ಸಣ್ಣ ಬಯಲು ಸಿಕ್ಕಿದರೂ ಇಳಿಯುತ್ತದೆ. ಹಾಗಿದ್ದೂ ಮಂಜಿಗೆ ನುಗ್ಗಿ ಗುಡ್ಡಕ್ಕೆ ಬಡಿದ ಸುದ್ದಿ ಆಗಾಗ ಬರುತ್ತದೆ. ಪೈಲಟ್‌ಗಳಿಗೆ ಇದರ ಅಪಾಯ ಗೊತ್ತಿರುವುದಿಲ್ವಾ?

ಉತ್ತರ: ಚೆನ್ನಾಗಿಯೇ ಗೊತ್ತಿರುತ್ತದೆ. ಆದರೆ ಹವಾಮಾನ ಎಷ್ಟೋ ಸಲ ಸ್ವಲ್ಪ ಸ್ವಲ್ಪವೇ ಕೆಡುತ್ತಾ ಹೋಗುತ್ತದೆ ನೋಡಿ, ಅಲ್ಲೇ ಇರೋದು ಎಡವಟ್ಟು. ಮೋಡ ಒಂಚೂರು ತಗ್ಗುತ್ತದೆ, ಪೈಲಟ್ಟೂ ಒಂಚೂರು ತಗ್ಗಿ ಹಾರಿಸುತ್ತಾರೆ. ಮುಂದೆ ಮಸುಕಾದರೆ ವೇಗ ಇಳಿಸುತ್ತಾರೆ. ಊರು ಇನ್ನೇನು ಬಂದೇಬಿಟ್ಟಿತು, ಹಿಂದಿನ ಸೀಟಿನಲ್ಲಿ ದೊಡ್ಡವರು ಕೂತಿದ್ದಾರೆ, ಈಗ ತಿರುಗಿಸಿದರೆ ಏನಂದುಕೊಳ್ಳುತ್ತಾರೋ ಅಂತ ಮನಸ್ಸು ಎಳೆಯುತ್ತಲೇ ಇರುತ್ತದೆ.

ಮೋಡದೊಳಗೆ ಹೊಕ್ಕ ಮೇಲೆ ಕತೆಯೇ ಬೇರೆ. ನೆಲವೂ ಕಾಣುವುದಿಲ್ಲ, ದಿಗಂತವೂ ಇಲ್ಲ. ಒಂದೇ ಸಮನೆ ತಿರುಗುತ್ತಿದ್ದರೂ ಒಳಕಿವಿಗೆ ಅದು ನೇರ ಹೋದ ಹಾಗೇ ಅನ್ನಿಸುತ್ತದೆ. 2020ರ ಜನವರಿ 26ರಂದು ಬಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಂಟ್ ಸೇರಿ 9 ಜನ ಸತ್ತದ್ದು ಹೀಗೇ, ಕ್ಯಾಲಿಫೋರ್ನಿಯಾದ ಕ್ಯಾಲಬಸಾಸ್ ಗುಡ್ಡದಲ್ಲಿ. 4,000 ಅಡಿಗೆ ಏರುತ್ತಿದ್ದೇನೆ ಅಂತ ಪೈಲಟ್ ರೇಡಿಯೋದಲ್ಲಿ ಹೇಳುವಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಕೆಳಗೆ ಬರುತ್ತಿತ್ತು! ಅವರೇನೂ ಹೊಸಬರಲ್ಲ, ಹೊರಗೆ ಏನೂ ಕಾಣದಾಗ ಮೀಟರ್‌ಗಳನ್ನು ನೋಡಿ ಹಾರಿಸುವ ತರಬೇತಿಯೂ ಆಗಿತ್ತು. ಹೋಗಲೇಬೇಕು ಅಂತ ಯಾರೂ ಒತ್ತಾಯಿಸಿದ ಸುಳಿವು ತನಿಖೆಯಲ್ಲಿ ಸಿಗಲಿಲ್ಲ. ಒತ್ತಡ ಬಹುಶಃ ಅವರೇ ತಂದುಕೊಂಡದ್ದು ಅಂತ ತನಿಖೆ ಹೇಳಿತು. ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಇದೇ.

ಅದಕ್ಕೇ ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ನೆಲದ ಮೇಲಿದ್ದಾಗಲೇ ಗೊತ್ತು ಮಾಡಿಕೊಳ್ಳಬೇಕು. ಅಮೆರಿಕದ ಏರ್ ಆಂಬುಲೆನ್ಸ್‌ನವರಲ್ಲಿ ಒಂದು ರೂಢಿ ಇದೆ. ಹವೆ ಕೆಟ್ಟು ಮಾಮೂಲಿ ವೇಗಕ್ಕಿಂತ 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ಇಳಿಸಬೇಕಾಯಿತಾ, ಅಥವಾ ಮೊದಲೇ ನಿಗದಿ ಮಾಡಿದ ಎತ್ತರಕ್ಕಿಂತ ಕೆಳಗಿಳಿಯಬೇಕಾಯಿತಾ, ಇನ್ನು ಹಾಗೇ ಮುಂದುವರಿಯುವಂತಿಲ್ಲ. ವಾಪಸ್ ತಿರುಗಬೇಕು, ಇಲ್ಲವೇ ಇಳಿಸಬೇಕು, ತರಬೇತಿ ಮತ್ತು ಉಪಕರಣ ಎರಡೂ ಇದ್ದರೆ ಮೀಟರ್ ನಂಬಿಕೊಂಡು ಮೇಲೇರಬೇಕು. ನೀವು ಹೇಳಿದ ಸಣ್ಣ ಬಯಲು ಉಪಯೋಗಕ್ಕೆ ಬರೋದು ಇಲ್ಲೇ, ಆದರೆ ನೆಲ ಇನ್ನೂ ಕಾಣುತ್ತಿರುವಾಗಲೇ ಇಳಿಸಬೇಕು. ಹೊಲದಲ್ಲಿ ಇಳಿಸಿ ಮಂಜು ಕರಗುವ ತನಕ ಸುಮ್ನೆ ಕೂತರೆ ಮರ್ಯಾದೆಯೇನೂ ಹೋಗುವುದಿಲ್ಲ.

ಇನ್ನೊಂದು ಜಾಣತನವೂ ಅವರಲ್ಲಿದೆ. ರೋಗಿ ಮಗುವೋ, ಸ್ಥಿತಿ ಎಷ್ಟು ಗಂಭೀರವೋ ಅಂತ ಎಷ್ಟೋ ಕಡೆ ಪೈಲಟ್‌ಗೆ ಮೊದಲೇ ಹೇಳುವುದೇ ಇಲ್ಲ. ಹವಾಮಾನ ನೋಡಿ ಆಗುತ್ತೋ ಇಲ್ಲವೋ ಅಂತ ಅಷ್ಟೇ ಅವರು ಹೇಳಬೇಕು. ಜೊತೆಗಿರುವ ನರ್ಸ್ ಬೇಡ ಅಂದರೂ ಹಾರಾಟ ರದ್ದು, ಯಾಕೆ ಅಂತ ಯಾರೂ ಜಗಳ ತೆಗೆಯುವಂತಿಲ್ಲ.