ಡೆಸಿರೆ ಚಿಗುರಿತು, ನಮ್ಮ ಆಲೂಗಡ್ಡೆ ಯಾಕೆ ಚಿಗುರಲಿಲ್ಲ?

ಪ್ರಶ್ನೆ: ಆಲೂಗಡ್ಡೆಗೆ ಹೊಸ ವಂಶವಾಹಿ ಸೇರಿಸಿ, ಪ್ರಯೋಗಾಲಯದಲ್ಲಿ ಕಾಂಡದ ತುಂಡಿನಿಂದ ಗಿಡ ಎಬ್ಬಿಸಲು ಡೆಸಿರೆ ತಳಿಗೆ ಬರೆದ ವಿಧಾನವನ್ನೇ ಚಾಚೂ ತಪ್ಪದೆ ಮಾಡಿದೆ. ನಮ್ಮ ಕುಫ್ರಿ ಜ್ಯೋತಿ ತಳಿಯ ತುಂಡುಗಳಲ್ಲಿ ಬರೀ ಕ್ಯಾಲಸ್ (ರೂಪವಿಲ್ಲದ ಕೋಶಗಳ ಮುದ್ದೆ) ಗಂಟು, ಒಂದೂ ಚಿಗುರಿಲ್ಲ. ಚಿಗುರಿಸುವ ಜಿಯಾಟಿನ್ ಹಾರ್ಮೋನ್ ಜಾಸ್ತಿ ಹಾಕಲೇ?

ಉತ್ತರ: ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಡೆಸಿರೆ 1962ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಂದ ಕೆಂಪು ಸಿಪ್ಪೆಯ ತಳಿ. ಸುಲಭವಾಗಿ ಚಿಗುರುತ್ತದೆ ಅಂತಲೇ ಪ್ರಯೋಗಾಲಯಗಳು ಅದನ್ನು ಹಿಡಿದುಕೊಂಡವು. ಅದಕ್ಕೆ ಒಗ್ಗಿದ ಹಾರ್ಮೋನ್ ಲೆಕ್ಕ ನಿಮ್ಮ ತಳಿಗೂ ಒಗ್ಗಬೇಕು ಅಂತೇನಿಲ್ಲ.

ತುಂಡಿನಿಂದ ಗಿಡ ಎಬ್ಬಿಸುವ ಶಕ್ತಿ ವಂಶವಾಹಿಗಳಿಂದ ಬರುವ ಗುಣ. ಆಲೂಗಡ್ಡೆಯಲ್ಲಿ 12 ವರ್ಣತಂತುಗಳ ನಾಲ್ಕು ಪ್ರತಿ, ಒಟ್ಟು 48. ಅದರಿಂದ 24 ವರ್ಣತಂತುಗಳ ಗಿಡಗಳನ್ನು ಪಡೆದಾಗ ಒಂದೇ ತಾಯಿಯ ಮಕ್ಕಳಲ್ಲೂ ಒಂದು ಧಾರಾಳವಾಗಿ ಚಿಗುರುತ್ತದೆ, ಇನ್ನೊಂದು ಗಂಟು ಕಟ್ಟಿ ಅಲ್ಲೇ ನಿಲ್ಲುತ್ತದೆ. ಚೆನ್ನಾಗಿ ಚಿಗುರುವ ಗಿಡದ ಜೊತೆ ಅಡ್ಡತಳಿ ಮಾಡಿದರೆ ಕೆಲವು ಮರಿಗಳಿಗೆ ಆ ಗುಣ ಇಳಿಯುತ್ತದೆ.

ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಸೋಂಕಿನ ಮೂಲಕ ಗಿಡದ ಕೋಶಕ್ಕೆ ವಂಶವಾಹಿ ಸೇರಿಸುತ್ತದೆ; ಅದಕ್ಕೆ ಒಗ್ಗುವುದು ಬೇರೆಯೇ ಗುಣ. ಎರಡೂ ಒಂದೇ ಕೋಶದಲ್ಲಿ ಕೂಡಿದರೆ ಮಾತ್ರ ನಿಮಗೆ ಬೇಕಾದ ಗಿಡ. ಸೋಂಕು ತಗುಲಿದ ಕೋಶ ಒಂದು ಕಡೆ, ಚಿಗುರುವ ಕೋಶ ಇನ್ನೊಂದು ಕಡೆ ಇದ್ದರೆ ಏನು ಫಲ?

ಮೊದಲು ಸೋಂಕು ತಗುಲಿಸದ ತುಂಡುಗಳನ್ನು ಆಂಟಿಬಯಾಟಿಕ್ ಇಲ್ಲದೆ ಬೆಳೆಸಿ. ಅಲ್ಲೂ ಚಿಗುರದಿದ್ದರೆ ಬ್ಯಾಕ್ಟೀರಿಯಾವನ್ನು ಬೈಯಬೇಡಿ. ತಳಿಗೆ ತಕ್ಕ ಹಾರ್ಮೋನ್ ಸಮತೋಲ ಹುಡುಕಿ, ಇಲ್ಲವೇ ತಳಿ ಬದಲಿಸಿ. ಅಲ್ಲಿ ಚಿಗುರಿದರೆ ಇನ್ನೊಂದು ಕಂತಿಗೆ ಸೋಂಕು ತಗುಲಿಸಿ, ಕೆಲವು ದಿನಗಳ ಬಳಿಕ ಗಸ್ ಬಣ್ಣ (ಗಸ್ ಎಂಬ ಗುರುತಿನ ವಂಶವಾಹಿ ಕೆಲಸ ಮಾಡುವ ಕೋಶವನ್ನು ನೀಲಿಯಾಗಿಸುವ ಪರೀಕ್ಷೆ) ಹಾಕಿ ನೋಡಿ. ಕತ್ತರಿಸಿದ ಅಂಚಿನಲ್ಲಿ ನೀಲಿ ಚುಕ್ಕಿ ಕಂಡರೆ ವಂಶವಾಹಿ ಒಳಹೊಕ್ಕಿದೆ ಅಂತ.

ಹಸಿರು ಚಿಗುರು ಕಂಡ ಕೂಡಲೇ ನಾನಂತೂ ಖುಷಿಪಡುವುದಿಲ್ಲ. ಕನಮೈಸಿನ್ ಎಂಬ ಆಂಟಿಬಯಾಟಿಕ್ ಇದ್ದ ಮಾಧ್ಯಮದಲ್ಲಿ ಬೇರು ಬಿಡಲಿ; ಸೇರಿಸಿದ ವಂಶವಾಹಿಯಿಂದ ಅದನ್ನು ತಡೆಯುವ ಶಕ್ತಿ ಬಂದಿದ್ದರೆ ಸಾಮಾನ್ಯವಾಗಿ ಬೇರು ಬರುತ್ತದೆ. ವಂಶವಾಹಿ ಇದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆಯ ಫಲಿತಾಂಶವನ್ನೂ ಸುಮ್ನೆ ನಂಬಬೇಡಿ, ಅಂಟಿಕೊಂಡ ಬ್ಯಾಕ್ಟೀರಿಯಾವೂ ಅದೇ ಫಲಿತಾಂಶ ಕೊಡುತ್ತದೆ. 24 ವರ್ಣತಂತುಗಳ ಗಿಡವಾದರೆ ವರ್ಣತಂತುಗಳನ್ನೂ ಎಣಿಸಿ. ಕ್ಯಾಲಸ್ ಹಂತದಲ್ಲಿ ಅವು ಇಮ್ಮಡಿಯಾಗುವುದು ಮಾಮೂಲು.

ಪ್ರಶ್ನೆ: ಜಿಯಾಟಿನ್ ದುಬಾರಿ, ಎಳನೀರು ಹಾಕಬಹುದೇ?

ಉತ್ತರ: ಅದರಲ್ಲೂ ಆ ಬಗೆಯ ಹಾರ್ಮೋನ್ ಇದೆ. ಆದರೆ ಕಾಯಿಂದ ಕಾಯಿಗೆ ಪ್ರಮಾಣ ಬೇರೆ. ಬೇಡ.

ಪ್ರಶ್ನೆ: ಅಂಗಾಂಶ ಕೃಷಿಯ ಬಿತ್ತನೆಗಡ್ಡೆ ಕುಲಾಂತರಿ ಅಂತಾರೆ, ನಿಜವೇ?

ಉತ್ತರ: ಸುಳ್ಳು. ಗಿಣ್ಣು ಕತ್ತರಿಸಿ ಬೆಳೆಸಿದರೆ ವಂಶವಾಹಿ ಸೇರುವುದಿಲ್ಲ.

ಪ್ರಶ್ನೆ: ಯಾವ ತಳಿಯಾದರೂ ಚಿಗುರಿಸುವ ಪುಡಿ ಮಾರುತ್ತಿದ್ದಾರೆ, ಕೊಳ್ಳಲೇ?

ಉತ್ತರ: ಒಳಗೇನಿದೆ ಎಂದು ಬರೆಯದ ಪುಡಿಗೆ ಒಂದು ಪೈಸೆಯನ್ನೂ ಕೊಡಬೇಡಿ.