ಕ್ಯಾಬಿನ್ ಬೋಟ್ ತಗೊಳ್ಳಲಾ ಎಂದು ಕೇಳಿದ್ದಿರಲ್ಲ

ನಮಸ್ಕಾರ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಎರಡನೇ ವರ್ಷ, ಬೇಸಿಗೆ ಬಂತೆಂದರೆ ಬೀದಿಯವರೆಲ್ಲ ಕಾರಿನ ಹಿಂದೆ ಬೋಟ್ ಕಟ್ಟಿಕೊಂಡು ಹೊರಡುತ್ತಾರೆ, ಒಳಗೇ ಮಲಗುವಂಥ ಚಿಕ್ಕದೊಂದು ತಗೊಂಡು ಮಕ್ಕಳ ಜೊತೆ ಕ್ಯಾಂಪಿಂಗ್ ಹೋಗೋದು ನಮ್ಮಂಥವರಿಗೂ ಆಗುತ್ತಾ ಎಂದು ಕೇಳಿದ್ದೀರಿ. ಮನೆಯವರಿಗೆ ಈಜು ಬರಲ್ಲ ಅಂತಲೂ ಬರೆದಿದ್ದೀರಿ.

ಆಗುತ್ತೆ. ನಾನು ಒಂಟಾರಿಯೊಗೆ ಬಂದು 19 ವರ್ಷ, ಬೋಟ್ ಇಟ್ಟುಕೊಂಡು 11 ವರ್ಷ. ಒಂದೇ ಮಾತು ಹೇಳೋದಾದರೆ, ದೊಡ್ಡದು ಬೇಡ.

ನಾವು ಆ ತಪ್ಪು ಮಾಡಿದೆವು. ಮೊದಲು ತಗೊಂಡಿದ್ದು 26 ಅಡಿಯದ್ದು. ಒಳಗೆ ನಿಂತರೆ ತಲೆ ತಾಗಲ್ಲ, ಸಿಂಕ್ ಇದೆ, ಫ್ರಿಜ್ ಇದೆ, ನೋಡಿದ ತಕ್ಷಣ ಮನಸ್ಸು ಹೋಯ್ತು. ಆದರೆ ನಮ್ಮ ಕಾರು ಅದನ್ನು ಎಳೆಯಲಿಲ್ಲ. ಹಾಗಾಗಿ ಬೇಸಿಗೆಯಿಡೀ ಬೋಟ್ ಕಟ್ಟಿ ನಿಲ್ಲಿಸುವ ಮರೀನಾಕ್ಕೆ ಬಾಡಿಗೆ, ಚಳಿಗಾಲ ನಿಲ್ಲಿಸೋಕೆ ಇನ್ನೊಂದು ಬಾಡಿಗೆ. ಆ ವರ್ಷ ನೀರಿಗೆ ಹೋಗಿದ್ದು ನಾಲ್ಕೇ ಸಲ. ಅಕ್ಟೋಬರ್‌ನಲ್ಲಿ ಎಂಜಿನ್ ನೀರೆಲ್ಲ ತೆಗೆದಿದ್ದೇವೆ ಎಂದು ಮೆಕ್ಯಾನಿಕ್ ಹೇಳಿದರು, ನಾನು ನಂಬಿದೆ. ಮೇ ತಿಂಗಳಲ್ಲಿ ಹೊದಿಕೆ ತೆಗೆದು ನೋಡಿದರೆ ಎಂಜಿನ್ ಬ್ಲಾಕ್‌ನ ಪಕ್ಕದಲ್ಲಿ ಗೇಣುದ್ದ ಬಿರುಕು. ಒಳಗೆ ಉಳಿದಿದ್ದ ಸ್ವಲ್ಪ ನೀರು ಹೆಪ್ಪುಗಟ್ಟಿ ಹಿಗ್ಗಿತ್ತು, ಕಬ್ಬಿಣ ಸೀಳಿತ್ತು. ಅವತ್ತು ಮನೆಗೆ ಬಂದು ಇಬ್ಬರೂ ಊಟ ಮಾಡಲಿಲ್ಲ.

ಈಗಿರೋದು 21 ಅಡಿ, ಹಳೇದು, ಹಿಂದೆ ಔಟ್‌ಬೋರ್ಡ್ ಮೋಟಾರು, ಅಂದರೆ ಬೋಟಿನ ಹೊರಗೆ ತಗುಲಿಸಿದ್ದು. ಔಟ್‌ಬೋರ್ಡ್ ಆದರೆ ನೀರಿನಿಂದ ತೆಗೆದು ನೇರ ನಿಲ್ಲಿಸಿದರೆ ಒಳಗಿನ ನೀರು ತಾನಾಗಿಯೇ ಇಳಿದು ಹೋಗುತ್ತೆ. ಮುಂದುಗಡೆ ಇಂಗ್ಲಿಷ್ ವಿ ಆಕಾರದ ಹಾಸಿಗೆ, ಇಬ್ಬರು ದೊಡ್ಡವರು, ಮಧ್ಯೆ ಒಂದು ಮಗು. ಇನ್ನೊಬ್ಬರು ಹಿಂದೆ ಟಾರ್ಪಾಲಿನ ಕೆಳಗೆ. ಕೂತರೆ ತಲೆ ತಾಗುತ್ತೆ, ಬೆಳಿಗ್ಗೆ ದಿಂಬೆಲ್ಲ ಇಬ್ಬನಿ ಹಿಡಿದು ತಣ್ಣಗಿರುತ್ತೆ. ಆದರೂ ಶುಕ್ರವಾರ ಸಂಜೆ ಆಫೀಸು ಬಿಟ್ಟು ಬಂದು ಟ್ರೇಲರ್ ಸಿಕ್ಕಿಸಿಕೊಂಡು ಹೊರಟೇಬಿಡಬಹುದು. ಬೋಟ್ ಚಿಕ್ಕದಿದ್ದಷ್ಟೂ ನೀರಿಗೆ ಇಳಿಯೋದು ಜಾಸ್ತಿ. ನಿಮ್ಮ ಹೋಂಡಾ ಸಿಆರ್-ವಿ ಕಾರು ಮಾತ್ರ ಇದಕ್ಕೆ ಸಾಲದು, ಅದು ಎಳೆಯೋದು ಸುಮಾರು 680 ಕೆಜಿ. ಇಂಥ ಬೋಟು, ಟ್ರೇಲರ್, ಪೆಟ್ರೋಲು, ಸಾಮಾನು ಎಲ್ಲ ಸೇರಿದರೆ ಒಂದೂವರೆ ಟನ್ ದಾಟುತ್ತೆ. ಬೋಟ್‌ಗಿಂತ ಮೊದಲು ಕಾರಿನ ಲೆಕ್ಕ ಹಾಕಿ.

ಎಲ್ಲಿಗೆ ಹೋಗೋದು ಅಂದರೆ, ನನ್ನ ಮಟ್ಟಿಗೆ ಟ್ರೆಂಟ್-ಸೆವೆರ್ನ್ ಜಲಮಾರ್ಗ ಬಿಟ್ಟು ಬೇರೆ ಯಾವುದೂ ಬೇಡ. ಲೇಕ್ ಒಂಟಾರಿಯೊ ದಡದ ಟ್ರೆಂಟನ್‌ನಿಂದ ಜಾರ್ಜಿಯನ್ ಬೇ ತನಕ 386 ಕಿಲೋಮೀಟರ್, ಕೆರೆ, ಹೊಳೆ, ಕಾಲುವೆ ಒಂದಕ್ಕೊಂದು ಸೇರಿಕೊಂಡಿವೆ. ನೀರಿನ ಮಟ್ಟ ಬದಲಾಗುವ ಕಡೆಯೆಲ್ಲ ಲಾಕ್ ಇದೆ, ಅಂದರೆ ಎರಡು ಕಡೆ ಗೇಟಿರುವ ದೊಡ್ಡ ತೊಟ್ಟಿ, ಒಳಗೆ ನೀರು ತುಂಬಿಸಿ ಇಲ್ಲವೇ ಇಳಿಸಿ ಬೋಟನ್ನು ಆಚೆ ಕಡೆಯ ಮಟ್ಟಕ್ಕೆ ತರುತ್ತಾರೆ. ಮುಂಚೆ ಬಂದು ನೀಲಿ ಬಣ್ಣದ ಗೆರೆ ಬಳಿದ ಗೋಡೆಗೆ ಬೋಟ್ ಕಟ್ಟಿ ನಿಂತರೆ ಸಾಕು, ನೀವು ದಾಟಬೇಕು ಅಂತ ಸಿಬ್ಬಂದಿಗೆ ಗೊತ್ತಾಗುತ್ತೆ. ಒಳಗೆ ಹೋದ ಮೇಲೆ ಎಂಜಿನ್ ಆರಿಸಬೇಕು. ಗೋಡೆ ಮೇಲಿಂದ ದಪ್ಪ ಕಪ್ಪು ಕೇಬಲ್‌ಗಳು ಇಳಿಬಿದ್ದಿರುತ್ತವೆ. ಹಗ್ಗವನ್ನು ಅದಕ್ಕೆ ಸುತ್ತು ಹಾಕಿ ಕೈಯಲ್ಲಿ ಹಿಡಿದುಕೊಳ್ಳಬೇಕು, ಗಂಟು ಹಾಕಲೇಬಾರದು, ನೀರು ಇಳಿಯುವಾಗ ಬೋಟ್ ನೇತಾಡಿಬಿಡುತ್ತೆ. ಒಂಬತ್ತು ವರ್ಷ ಇದ್ದಾಗಿನಿಂದ ಮುಂದಿನ ಹಗ್ಗ ನಮ್ಮ ಮಗಳದ್ದೇ. ಒದ್ದೆ ಹಗ್ಗ ಕೇಬಲ್ ಮೇಲೆ ಚೂರು ಚೂರೇ ಜಾರುತ್ತೆ, ಪಾಚಿ ಹಿಡಿದ ಗೋಡೆ ಕಣ್ಣೆದುರಿಗೇ ಎತ್ತರ ಆಗುತ್ತಾ ಹೋಗುತ್ತೆ, ಅಷ್ಟು ಹೊತ್ತು ಅವಳು ಒಂದು ಮಾತೂ ಆಡಲ್ಲ.

ಪೀಟರ್‌ಬರೋದಲ್ಲಿರುವ ಲಿಫ್ಟ್ ಲಾಕ್ ಮಕ್ಕಳಿಗೆ ತೋರಿಸಲೇಬೇಕು. 1904ರದ್ದು. ಎರಡು ದೊಡ್ಡ ನೀರಿನ ತೊಟ್ಟಿಗಳು, ತಕ್ಕಡಿಯ ತಟ್ಟೆಗಳ ಹಾಗೆ. ಮೇಲಿನ ತೊಟ್ಟಿಗೆ ಒಂದಡಿ ನೀರು ಜಾಸ್ತಿ ತುಂಬಿಸುತ್ತಾರೆ, ಆ ಭಾರಕ್ಕೇ ಅದು ಕೆಳಗಿಳಿದು ಇನ್ನೊಂದು ತೊಟ್ಟಿ ನಿಮ್ಮ ಬೋಟ್ ಸಮೇತ ಸುಮಾರು 20 ಮೀಟರ್ ಮೇಲೇರುತ್ತೆ.

ರಾತ್ರಿ ಉಳಿಯೋದೂ ಲಾಕ್ ಹತ್ತಿರವೇ. ಈ ಜಲಮಾರ್ಗ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದವರ ಪರ್ಮಿಟ್ ತಗೊಂಡರೆ ಗೋಡೆಗೆ ಕಟ್ಟಿ ಬೋಟ್‌ನಲ್ಲೇ ಮಲಗಬಹುದು. ಹುಲ್ಲುಹಾಸು, ಊಟದ ಬೆಂಚು, ಶೌಚಾಲಯ ಇರುತ್ತೆ. ನಮಗೆ ಇಷ್ಟ ಲವ್‌ಸಿಕ್‌ನ 30ನೇ ಲಾಕ್. ಅಲ್ಲಿಗೆ ರಸ್ತೆಯೇ ಇಲ್ಲ, ನೀರಿನ ಮೇಲೇ ಹೋಗಬೇಕು. ಸಂಜೆ ಸಿಬ್ಬಂದಿ ಹೊರಟ ಮೇಲೆ ಬಂಡೆ, ಪೈನ್ ಮರ, ಕತ್ತಲಾದಂತೆ ಲೂನ್ ಹಕ್ಕಿಯ ಕೂಗು. ದಡದ ಬೆಂಚಿನ ಮೇಲೆ ಸ್ಟವ್ ಇಟ್ಟು ಅನ್ನ ಮಾಡಿ, ಮನೆಯಿಂದ ತಂದ ಗೊಜ್ಜು ಕಲಸಿಕೊಂಡರೆ ಅವತ್ತಿಗೆ ಬೇರೇನೂ ಬೇಡ. ಮಳೆ ಬಂತೆಂದು ಕ್ಯಾಬಿನ್ ಬಾಗಿಲು ಹಾಕಿಕೊಂಡು ಒಳಗೆ ಮಾತ್ರ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಅದರ ಅಲಾರಂ ಒಂದು ತಗೊಳ್ಳಿ, ಇದು ಕಡ್ಡಾಯ ಅಂತಲೇ ತಿಳ್ಕೊಳ್ಳಿ.

ಈಜಿನ ವಿಷಯ. ನಾನು ಸಾಗರದ ಕರೂರು ಹೋಬಳಿಯವನು. ಈಗ ಸೇತುವೆ ಆಗಿದೆ, ನಮ್ಮ ಕಾಲದಲ್ಲಿ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿಯೇ ಶರಾವತಿ ಹಿನ್ನೀರು ದಾಟಬೇಕಿತ್ತು. ನೀರು ನೋಡಿ ಬೆಳೆದವನು, ಚೆನ್ನಾಗಿ ಈಜುತ್ತೇನೆ. ಆದರೂ ಇಲ್ಲಿ ಲೈಫ್ ಜಾಕೆಟ್ ಇಲ್ಲದೆ ಬೋಟ್ ಹತ್ತಲ್ಲ. ಮೇ ತಿಂಗಳ ನೀರು ಎಷ್ಟು ತಣ್ಣಗಿರುತ್ತೆ ಅಂದರೆ, ಬಿದ್ದ ತಕ್ಷಣ ತಾನಾಗಿಯೇ ಉಸಿರು ಎಳೆದುಕೊಂಡು ಈಜು ಬರುವವನೂ ನೀರು ಕುಡಿಯುತ್ತಾನೆ. ನಿಮ್ಮ ಮನೆಯವರು ಹೆದರಬೇಕಾಗಿಲ್ಲ, ಜಾಕೆಟ್ ಹಾಕಿ ಬಿಗಿಯಾಗಿ ಬಕಲ್ ಹಾಕಿಕೊಂಡಿರಲಿ, ಅಷ್ಟೇ. ಇದೇ ಜಲಮಾರ್ಗದಲ್ಲಿ ಸಿಗುವ ದೊಡ್ಡ ಸಿಮ್ಕೋ ಕೆರೆ ಮಾತ್ರ ಮೊದಲ ವರ್ಷ ಬೇಡ. ಬೆಳಿಗ್ಗೆ ಕನ್ನಡಿ ಹಾಗಿದ್ದದ್ದು ಮಧ್ಯಾಹ್ನ ಗಾಳಿ ಎದ್ದರೆ ಚಿಕ್ಕ ಬೋಟನ್ನು ಎತ್ತಿ ಎತ್ತಿ ಹಾಕುತ್ತೆ.

ಕಾಗದಪತ್ರ ಕಷ್ಟ ಇಲ್ಲ. ಮೋಟಾರ್ ಬೋಟ್ ಓಡಿಸೋರಿಗೆ ಆಪರೇಟರ್ ಕಾರ್ಡ್ ಬೇಕು, ಆನ್‌ಲೈನ್‌ನಲ್ಲೇ ಪರೀಕ್ಷೆ ಬರೆಯಬಹುದು, ಒಮ್ಮೆ ಪಾಸಾದರೆ ಜೀವನಪೂರ್ತಿ ಆಯ್ತು. 10 ಹಾರ್ಸ್‌ಪವರ್ ಮತ್ತು ಮೇಲಿನ ಮೋಟಾರಿದ್ದರೆ ಬೋಟ್‌ಗೆ ಲೈಸೆನ್ಸ್ ನಂಬರ್ ಬೇಕು. ಟಾಯ್ಲೆಟ್ ಟ್ಯಾಂಕ್ ಮರೀನಾದಲ್ಲೇ ಖಾಲಿ ಮಾಡಿಸಬೇಕು, ಕೆರೆಗೆ ಒಂದು ಹನಿಯೂ ಬಿಡುವ ಹಾಗಿಲ್ಲ.

ಈ ಬೇಸಿಗೆ ಏನೂ ಕೊಳ್ಳಬೇಡಿ. ಜುಲೈನಲ್ಲಿ ನಾವು ಇದೇ ಜಲಮಾರ್ಗದ ಬಾಬ್‌ಕೇಜನ್ ಊರಿನಲ್ಲಿ ಬೋಟ್ ಇಳಿಸಿ ಲವ್‌ಸಿಕ್ ತನಕ ಹೋಗುತ್ತಿದ್ದೇವೆ. ನಾಲ್ಕೂ ಜನ ಒಂದು ದಿನದ ಮಟ್ಟಿಗೆ ಜೊತೆಗೆ ಬನ್ನಿ. ಮಕ್ಕಳ ತೂಕ ಎಷ್ಟು ಅಂತ ಬರೆದು ಕಳಿಸಿ, ಜಾಕೆಟ್ ತೂಕದ ಲೆಕ್ಕದಲ್ಲೇ ಬರೋದು, ಸರಿಯಾದ ಅಳತೆಯದ್ದು ತೆಗೆದಿಡುತ್ತೇನೆ.